ಮಾವನವರ ಸಿಟ್ಟು, ನನ್ನ ಕವರಿಂಗ್ ಲೆಟರ್

ನಮ್ಮ ಮಾವನವರಿಗೆ ಸಿಟ್ಟು ಬರುತ್ತದೆ ಎಂದರೆ ತಪ್ಪಾಗುತ್ತದೆ. ಬರಬೇಕಾದರೆ ಅದು ಒಮ್ಮೆಯಾದರೂ ಹೋಗಿರಬೇಕಲ್ಲ! ಶೇಡಬಾಳದ ನಮ್ಮ ಮನೆಯಲ್ಲಿ ಅದು ಖಾಯಂ ಸದಸ್ಯ.

ಸಕ್ಕರೆ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸದ ಅರ್ಜಿಗಳನ್ನು ಓದಿ ಓದಿ ನಿವೃತ್ತರಾದವರು. ಸಕ್ಕರೆಯ ನಡುವೆ ಇದ್ದು ಇಷ್ಟು ಖಾರ ಎಲ್ಲಿಂದ ತಂದರೋ! ಲಗ್ನಪತ್ರಿಕೆ ಬಂದರೂ ತಪ್ಪು ಹುಡುಕುವರು. ಒಮ್ಮೆ ಪತ್ರಿಕೆ ಕೊಡಲು ಬಂದ ಬೀಗರನ್ನೇ ಕೇಳಿಬಿಟ್ಟರು: "ಸಹಕುಟುಂಬ, ಸಪರಿವಾರ ಅಂತ ಎರಡೂ ಹಾಕೀರಲ್ರಿ, ಎರಡೆರಡ ಸಲ ಉಣ್ಣಾಕ ನೀಡಾವ್ರೇನು?" ಬೀಗರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಏಕಸಂಬಿಯ ನೆಂಟರೊಬ್ಬರ ಅಳಿಯ ಬ್ಯಾಂಕಿನ ಕೆಲಸಕ್ಕೆ ಬರೆದ ಪತ್ರ ತೋರಿಸಲು ಬಂದಿದ್ದ. ಹಳೆಯ ಪತ್ರವನ್ನೇ ನಕಲು ಮಾಡಿದ್ದನೆಂದು ಕಾಣುತ್ತದೆ.

"ಬ್ಯಾಂಕಿಗೆ ಬರದೀಯಲ್ಲಪಾ, ನಿಮ್ಮ ಆಸ್ಪತ್ರೆಯಲ್ಲಿ ಸೇವೆ ಮಾಡ್ತೀನಿ ಅಂತ! ಕೌಂಟರಿನ್ಯಾಗ ಕುಂತು ಮಂದಿ ನಾಡಿ ಹಿಡ್ಯಾಂವೇನ?"

ಆ ಅಳಿಯ ಇಂದಿಗೂ ನಮ್ಮ ಓಣಿಗೆ ಕಾಲಿಟ್ಟಿಲ್ಲ.

ಇಂಥವರ ಸೊಸೆಯಾದ ನನಗೆ ಕೆಲಸಕ್ಕೆ ಹೋಗುವ ಮನಸ್ಸಾಯಿತು! ಅಥಣಿಯ ಖಾಸಗಿ ಶಾಲೆಯೊಂದಕ್ಕೆ ಲೆಕ್ಕಪತ್ರ ನೋಡಿಕೊಳ್ಳುವವರು ಬೇಕಾಗಿದ್ದರು. ಮೊಬೈಲಿನಲ್ಲಿ ಸಿಕ್ಕ ಮಾದರಿ ನೋಡಿ ಕವರಿಂಗ್ ಲೆಟರ್ ಬರೆದೆ. ಮಾವನವರ ಕಣ್ಣಿಗೆ ಬೀಳದೆ ಇರುತ್ತದೆಯೇ?

"ಡೈನಾಮಿಕ್ ಅಂದ್ರೇನ್ ಬೇ? ಬಾವಿಗೆ ಕೂಡ್ರಸ್ತೀವಲ್ಲ, ಆ ಮೋಟರ್ ಏನು?"

ಹರಿದರು. ಮತ್ತೆ ಬರೆದೆ. "ಪ್ರಾಮಾಣಿಕಳು ಅಂತ ಬರದಿ. ಕಳ್ಳರೂ ಹಂಗ ಬರೀತಾರ!" ಅದನ್ನೂ ಹರಿದರು. ಮೂರನೆಯದರಲ್ಲಿ ನನಗೆ ಈ ಕೆಲಸ ಎಷ್ಟು ಅವಶ್ಯ ಎಂದು ವಿವರಿಸಿದ್ದೆ. "ನಿನಗೇನ್ ಬೇಕಾಗೇತಿ ಅನ್ನೂದು ಅವ್ರಿಗೆ ಗೊತ್ತೈತಿ. ಅವ್ರಿಗೇನ್ ಬೇಕಾಗೇತಿ, ಅದರಾಗ ನಿನಗೇನ್ ಬರತೈತಿ, ಅದನ್ನ ಬರಿ!"

ನಾಲ್ಕನೆಯದನ್ನು ಊಟದ ಹೊತ್ತಿಗೆ ಹರಿಯಲು ಹೊರಟಾಗ ನನ್ನ ತಲೆಯೂ ಕೆಟ್ಟಿತು.

"ನಾ ಕೆಲಸಕ್ಕ ಹೋಗೂದು ನಿಮಗ ಬ್ಯಾಡಾಗೇತಿ. ಹಂಗಂತ ಬಾಯಿಬಿಟ್ಟ ಹೇಳ್ರಿ ಮಾಮಾ!"

ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವರೆದುರು ದನಿ ಏರಿಸಿದ್ದೆ. ಗಂಡನ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. ಮಾವನವರು ಕಾಗದದ ಒಂದು ಸಾಲಿನ ಮೇಲೆ ಬೆರಳಿಟ್ಟರು. 'ಕೌಟುಂಬಿಕ ಕಾರಣಗಳಿಂದ ಕೆಲವು ವರ್ಷ ಯಾವುದೇ ಕೆಲಸ ಮಾಡಿರುವುದಿಲ್ಲ.'

"ಇದನ್ನ ಯಾರ್ ಬರದಾರ?"

"ನಾನ."

"ಸುಳ್ಳ್ಯಾಕ ಬರದಿ?" ಎಂದು ಗುಡುಗಿದರು. "ನಿಮ್ಮತ್ತಿ ಹಾಸಿಗಿ ಹಿಡದಾಗ ಮಿರಜಿನ ದವಾಖಾನಿಗೆ ಕರಕೊಂಡ ಅಡ್ಡ್ಯಾಡಿದಾಕಿ ಯಾರು? ಡಾಕ್ಟರ್ ಕೂಡ ಮರಾಠಿಯೊಳಗ ಮಾತಾಡಿದಾಕಿ ಯಾರು? ಗುಳಿಗಿ, ಬಿಲ್ಲು, ಹೊಲದ ಲೆಕ್ಕ ಎಲ್ಲಾ ನೋಡಿದಾಕಿ ಯಾರು? ನಾ ಬರೇ ಹೊರಗ ಕುಂತಿರತಿದ್ದೆ. ನೀ ಇದ್ದಿ ಅಂತ ಆಕಿ ಸಮಾಧಾನಲೆ ಹೋದ್ಲು. ಯಾವದೂ ಕೆಲಸ ಮಾಡಿಲ್ಲಂತ…"

ಬೈಗುಳ ಅರ್ಧಕ್ಕೇ ನಿಂತಿತು. ತಾಟು ಬಿಟ್ಟು ಎದ್ದು ಹಿತ್ತಲಿಗೆ ಹೋದರು.

ಅವರು ಹೇಳಿದ್ದನ್ನೇ ಬರೆದೆ, ಸಿಟ್ಟೊಂದನ್ನು ಬಿಟ್ಟು. ಸಂದರ್ಶನದಲ್ಲಿ ಶಾಲೆಯ ಹಿರಿಯ ಬಾಯಿಯವರು, ಅಂದರೆ ಮುಖ್ಯೋಪಾಧ್ಯಾಯಿನಿ, ಆ ಸಾಲುಗಳ ಹತ್ತಿರವೇ ಓದು ನಿಲ್ಲಿಸಿ, "ನಿಮ್ಮ ಅತ್ತಿಯವರು ಹೆಂಗಿದ್ರವಾ?" ಎಂದು ಕೇಳಿದರು. ಮಾತಾಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ಕೆಲಸ ಸಿಕ್ಕಿತು.

ಮನೆಗೆ ಬಂದಾಗ ಮಾವನವರು ಕಟ್ಟೆಯ ಮೇಲಿದ್ದರು.

"ಏನ್ ಕೇಳಿದ್ರು?"

"ಅತ್ತಿ ಹೆಂಗಿದ್ರು ಅಂತ ಕೇಳಿದ್ರರಿ."

"ಏನ್ ಹೇಳಿದಿ?"

ಹೇಳಿದೆ. ಅತ್ತೆಯ ನಗು, ಆಸ್ಪತ್ರೆಯ ಹಾಸಿಗೆಯಲ್ಲೂ ಪಕ್ಕದವರಿಗೆ ಚಟ್ನಿಪುಡಿ ಹಂಚಿದ್ದು, ಎಲ್ಲ. ಮಾವನವರು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, ಪಕ್ಕದಲ್ಲಿ ಜಾಗ ಮಾಡಿದರು.

"ಕೂಡ್ರು. ಇನ್ನೊಮ್ಮಿ ಹೇಳ್ ಬೇ."