ಕಸ್ಕೋ ನೋಡಾನ!

ಸರ್ಕಾರದವರು ನಮ್ಮ ದೊಡ್ಡಮ್ಮನ ಕೋವಿಗೆ ಲೈಸೆನ್ಸ್ ಕೊಟ್ಟು ತಪ್ಪು ಮಾಡಿದರು. ಕೊಡಬೇಕಾಗಿದ್ದು ಅವಳ ಕೈಗಳಿಗೆ! ಆ ಕೋವಿಯಿಂದ ಈವರೆಗೆ ಒಂದು ಕಾಗೆಗೂ ಗಾಯವಾಗಿಲ್ಲ. ಆ ಕೈಗಳಿಂದ ನೆಲ ಕಂಡವರನ್ನು ಮಾತ್ರ ನಮ್ಮೂರು ಉಬ್ರಾಣಿಯಲ್ಲಿ ಬೀದಿಗಿಬ್ಬರಂತೆ ತೋರಿಸಬಲ್ಲೆ, ನನ್ನ ಗಂಡನನ್ನೂ ಸೇರಿಸಿ.

ದೊಡ್ಡಪ್ಪ ತೀರಿಕೊಂಡಾಗ ಉಳಿದದ್ದು ಮೆಕ್ಕೆಜೋಳದ ಹೊಲ, ಅದಕ್ಕೆ ನುಗ್ಗುವ ಕಾಡುಹಂದಿಗಳು ಮತ್ತು ಅವನ್ನು ಹೆದರಿಸಲು ಅವರು ಇಟ್ಟುಕೊಂಡಿದ್ದ ಒಂಟಿ ನಳಿಗೆಯ ಕೋವಿ. "ಹೆಣ್ಮಗಳಿಗ್ಯಾಕೆ ಕೋವಿ, ಠಾಣೆಗೆ ಒಪ್ಪಿಸಿಬಿಡು" ಎಂದು ನೆಂಟರೆಲ್ಲ ಹೇಳಿದರು. ದೊಡ್ಡಮ್ಮ ಕೇಳಲಿಲ್ಲ. ಅದರ ಮರದ ಹಿಡಿ ದೊಡ್ಡಪ್ಪನ ಕೈ ತಾಗಿ ತಾಗಿ ನುಣುಪಾಗಿತ್ತು. ಅದನ್ನು ಹೇಗೆ ಬಿಟ್ಟಾಳು? ಲೈಸೆನ್ಸ್ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೊರಟಳು. ಅದಕ್ಕೆ ತರಬೇತಿ ಬೇಕೆಂದರು, ಹೋದಳು. ತೋಟಾ ಹಾಕುವುದು, ಗುರಿ ಇಡುವುದು ಎಲ್ಲ ಮುಗಿದ ಮೇಲೆ ಎದ್ದು ನಿಂತು ಕಲಿಸುವ ಸಾಹೇಬರನ್ನು ಕೇಳಿದಳಂತೆ:

"ಸಾಹೇಬ್ರೆ, ಹಿಂದಿಂದ ಬಂದು ಯಾರಾದ್ರೂ ಕೋವಿ ಕಸ್ಕೊಂಡ್ರೆ ಏನು ಮಾಡಾದು?"

"ಕೋವಿ ಇರೋರ ಹತ್ರ ಯಾರಮ್ಮಾ ಬರ್ತಾರೆ?"

"ಕೋವಿ ಐತೆ ಅಂತಾನೇ ಬರ್ತಾರ್ರೀ!"

ಸಾಹೇಬರು ಗಡಿಯಾರ ನೋಡಿಕೊಂಡರಂತೆ. ದೊಡ್ಡಮ್ಮ ಸುಮ್ಮನಾಗುವವಳೇ? ಹೊನ್ನಾಳಿಯಲ್ಲಿ ಗಾದಿ ಹೊಲಿಯುವ ಒಬ್ಬ ಸಾಬರಿದ್ದರು, ಪ್ರಾಯದಲ್ಲಿ ಕುಸ್ತಿ ಆಡಿದವರು. ಅವರ ಅಂಗಡಿಗೆ ಛತ್ರಿ ಹಿಡಿದು ಹೋದಳು. ಛತ್ರಿಯೇ ಕೋವಿ. ಬೀಳುವುದಕ್ಕೆ ಗಾದಿಗಳು ಹೇಗೂ ಇದ್ದವಲ್ಲ! ಸಾಬರು ಹೇಳಿಕೊಟ್ಟದ್ದು ಒಂದೇ ಪಟ್ಟು. "ಅಕ್ಕಾ, ಅವ್ರು ಎಳದ್ರು ಅಂತ ನೀವೂ ಎಳೀಬ್ಯಾಡ್ರಿ. ಅವರ ಕಡೀಗೇ ಒಂದು ಹೆಜ್ಜೆ ಹೋಗ್ರಿ. ಆಮ್ಯಾಲೆ ತಿರುವ್ರಿ." ಮೂರನೇ ದಿನ ಗಾದಿಯ ಮೇಲೆ ಬಿದ್ದವರು ಸಾಬರೇ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಕಷ್ಟ. ಮನೆಗೆ ಬಂದವರಿಗೆ ನೀರು ಕೊಡುವುದಕ್ಕೂ ಮೊದಲು ದೊಡ್ಡಮ್ಮ ಕೋವಿ ಬಿಚ್ಚಿ, ಒಳಗೆ ತೋಟಾ ಇಲ್ಲವೆಂದು ತೋರಿಸಿ, ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದಳು. "ಕಸ್ಕೋ ನೋಡಾನ!" ಕರೆಂಟ್ ಬಿಲ್ಲಿನವನು ಆಮೇಲೆ ಬೇಲಿಯಾಚೆಯಿಂದಲೇ ಬಿಲ್ಲು ಎಸೆದು ಹೋಗತೊಡಗಿದ. ನನ್ನನ್ನು ನೋಡಲು ಜಗಳೂರು ಕಡೆಯ ಸೊಕ್ಕೆಯಿಂದ ಬಂದ ವರ, ಹೆಣ್ಣಿನ ಮುಂದೆ ಮರ್ಯಾದೆ ಪ್ರಶ್ನೆಯೆಂದು ಜೋರಾಗಿಯೇ ಎಳೆದ. ಮರುಗಳಿಗೆ ಒಣಹಾಕಿದ್ದ ಸಂಡಿಗೆಯ ಮೇಲೆ ಕೂತಿದ್ದ! "ಹುಡುಗ ಒಳ್ಳೇನು. ಬಿದ್ರೂ ಬೈಲಿಲ್ಲ" ಎಂದು ದೊಡ್ಡಮ್ಮ ತೀರ್ಪು ಕೊಟ್ಟಳು. ಮದುವೆಯಾಯಿತು.

ಇದೆಲ್ಲ ಹುಚ್ಚು ಎಂದು ನಾನೂ ನಗುತ್ತಿದ್ದೆ, ಬದುವಿನ ಜಗಳ ನಡೆಯುವವರೆಗೆ. ಕುಡಿದಿದ್ದ ಪಕ್ಕದ ಹೊಲದವನು ಮಾತಿಗೆ ಮಾತು ಬೆಳೆದು ಕೋವಿಗೇ ಕೈ ಹಾಕಿದ. ದೊಡ್ಡಮ್ಮ ಅವನ ಕಡೆಗೇ ಒಂದು ಹೆಜ್ಜೆ ಹೋದಳು, ತಿರುವಿದಳು. ಅವನು ಕೆಸರಿನಲ್ಲಿ ಕೂತ. ಹಂದಿ ಕಾಯಲು ಹೋಗಿದ್ದರಿಂದ ಅವತ್ತು ಕೋವಿಯಲ್ಲಿ ತೋಟಾ ಇತ್ತು. ಅದು ಅವನ ಕೈಗೆ ಹೋಗಿದ್ದರೆ? ಅಲ್ಲಿಗೆ ನನ್ನ ನಗು ನಿಂತಿತು. ಮಾರನೇ ದಿನ ಅವನು ತಲೆ ತಗ್ಗಿಸಿಕೊಂಡು ಬಂದ. "ತಪ್ಪಾತು ಕಣಕ್ಕಾ. ಅಲ್ಲಾ, ಅದನ್ನ ಹೆಂಗೆ ಮಾಡ್ದೆ?"

ಅವತ್ತು ದೊಡ್ಡಮ್ಮ ನನಗೊಂದು ಮಾತು ಹೇಳಿದಳು. "ಯಾವತ್ತು ಒಬ್ರು ನನ್ನ ಕೈಯಿಂದ ಕಸ್ಕೊಂತಾರೋ ಅವತ್ತೇ ಇದನ್ನ ಠಾಣೆಗೆ ಕೊಡ್ತೀನಿ. ಹಿಡ್ಕಣಾಕೆ ಆಗದೋರ ಹತ್ರ ಕೋವಿ ಇರಬಾರ್ದು."

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಎಂದಿನಂತೆ ಕೋವಿ ಬಿಚ್ಚಿ ತೋರಿಸಿದಳು. "ಕಸ್ಕೋ ನೋಡಾನ!" ನಾನು ಎಂದಿನಂತೆ ಸುಮ್ಮನೆ ಎಳೆದೆ.

ಬಂದುಬಿಟ್ಟಿತು.

ಏನು ಮಾಡಬೇಕೆಂದು ತಿಳಿಯದೆ ತಿರುಗಿ ಅವಳ ಕೈಗಿಟ್ಟೆ. "ಎಣ್ಣೆ ಜಾಸ್ತಿ ಹಚ್ಚೀಯ ದೊಡ್ಡಮ್ಮ, ಜಾರ್ತು."

"ಎಣ್ಣೆ ಹಚ್ಚಿ ಹದಿನೈದು ದಿನ ಆತು. ಇನ್ನೊಂದು ಸಲ ಎಳಿ."

ಎಳೆದಂತೆ ಮಾಡಿ ನಾನೇ ದಬಕ್ಕನೆ ಬಿದ್ದೆ. ದೊಡ್ಡಮ್ಮ ನಕ್ಕಳು. "ನಾಟಕ ಮಾಡಬ್ಯಾಡ. ನಿಂಗೆ ಬೀಳಾಕೂ ಬರಲ್ಲ."

ಮಾರನೇ ದಿನವೇ ಇಬ್ಬರೂ ಚನ್ನಗಿರಿಗೆ ಹೋದೆವು. ಠಾಣೆಯಲ್ಲಿ ಪೊಲೀಸಿನವರು ಕೋವಿಗೆ ಕೈ ಚಾಚಿದಾಗ ಅವಳು ಎಳೆಯಲಿಲ್ಲ, ತಿರುವಲಿಲ್ಲ. ಅವರ ಕಡೆಗೆ ಒಂದು ಹೆಜ್ಜೆ ಹೋಗಿ, ಮರದ ಹಿಡಿಯನ್ನು ಒಮ್ಮೆ ಸವರಿ ಕೊಟ್ಟಳು. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳ ಕೈಗಳು ಮಡಿಲಲ್ಲಿ ಸುಮ್ಮನೆ ಇರಲಾರದೆ ಏನನ್ನೋ ಹುಡುಕುತ್ತಿದ್ದವು. ಕೊನೆಗೆ ನನ್ನ ಮಣಿಕಟ್ಟು ಸಿಕ್ಕಿತು. ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಿಡಿಸಿಕೊಳ್ಳುವುದು ಸುಲಭವಿತ್ತು. ನಾನು ಅವಳ ಕಡೆಗೇ ಸ್ವಲ್ಪ ಸರಿದು ಕೂತೆ.