ಅಕ್ಷರಕ್ಕೆ ಪಾದ ಬಂದದ್ದು

ಮುನಿರಾಜನ ಮನೆಯವರೆಂದರೆ ಮೂವರು: ಅವನು, ಹೆಂಡತಿ, ಊರಿನಲ್ಲಿರುವ ಅವ್ವ. ಮೂವರೂ ಜಗಳವಾಡುವುದು ಕನ್ನಡದಲ್ಲೇ. ಕನ್ನಡ ಓದಲು ಬರುವುದು ಮಾತ್ರ ಒಬ್ಬನಿಗೆ. ಆ ಒಬ್ಬ ತಾನೇ ಎಂಬುದನ್ನು ಮುನಿರಾಜ ಹೆಂಡತಿಗೆ ದಿನಕ್ಕೆ ಎರಡು ಸಲವಾದರೂ ನೆನಪಿಸುತ್ತಿದ್ದ.

ತಮಿಳುನಾಡಿನ ಕಂಬೈನಲ್ಲೂರಿನ ಪಕ್ಕದ ಹಳ್ಳಿಯಲ್ಲಿ ಹುಟ್ಟಿ, ತಮಿಳು ಶಾಲೆಯಲ್ಲಿ ಓದಿ, ಇಡೀ ವಂಶಕ್ಕೇ ಮೊದಲ ಬಿ.ಎಸ್ಸಿ. ಆದವನು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಮಕ್ಕಳ ವರ್ಣಮಾಲೆ ಮುಂದಿಟ್ಟುಕೊಂಡು ಕನ್ನಡ ಅಕ್ಷರ ತಿದ್ದಿದವನು. ಈಗ ಸೇಲಂನಲ್ಲಿ ಫ್ಲೆಕ್ಸ್ ಬ್ಯಾನರ್ ಅಂಗಡಿಯೊಂದರ ಡಿಸೈನರ್. ಊರಿನ ಅರ್ಧ ಮದುವೆಗಳು ಅವನ ಕೈಯಲ್ಲೇ ಆಗುತ್ತಿದ್ದವು (ಬ್ಯಾನರಿನ ಮಟ್ಟಿಗೆ). ಎಲ್ಲವೂ ತಮಿಳಿನಲ್ಲಿ.

ಅಂಥವನಿಗೆ ಒಂದು ದಿನ ವಿಶ್ವನಾಥನ್ ಎಂಬ ನಿವೃತ್ತ ಹೆಡ್‌ಮಾಸ್ಟರು ಬಂದು ಕನ್ನಡದ ಕೆಲಸ ಕೊಟ್ಟರು. "ನಮ್ಮ ಕಡೆಯ ಅಜ್ಜಿಯರು ಹೇಳಿದ ಕತೆಗಳನ್ನು ಪುಸ್ತಕ ಮಾಡ್ತಾ ಇದ್ದೀವಿ. ಅದಕ್ಕೆ ಅದರದೇ ಹೊಸ ಫಾಂಟು, ಅದರದೇ ಅಕ್ಷರ ಬೇಕು ಕಣಪ್ಪಾ. ಒಳಗೆ ಓದೋಕೆ ಸಣ್ಣದಾಗಿ, ಮುಖಪುಟದಲ್ಲಿ ದೊಡ್ಡದಾಗಿ, ಎರಡಕ್ಕೂ ಒಪ್ಪಬೇಕು. ಗೆರೆ ಮುಗಿಯೋ ಕಡೆಯೆಲ್ಲ ಒಂದು ಸಣ್ಣ ಪಾದ ಇರಬೇಕು. ಸೆರಿಫ್ ಅಂತಾರಲ್ಲ, ಅದು. ಮಾಡಿಕೊಟ್ರೆ ಎರಡನೇ ಪುಟದಲ್ಲಿ ನಿನ್ನ ಹೆಸರು ಹಾಕ್ತೀವಿ."

ಹೆಸರು! ಪುಸ್ತಕದಲ್ಲಿ! ಹಿರಿಯರೆಲ್ಲ ಪತ್ರಗಳ ಮೇಲೆ ಹೆಬ್ಬೆಟ್ಟು ಒತ್ತಿಯೇ ಬದುಕು ಮುಗಿಸಿದ್ದ ಮನೆತನದ ಕುಡಿಗೆ ಅಂದು ಊಟ ಸೇರಲಿಲ್ಲ. 'ಅಕ್ಷರ ವಿನ್ಯಾಸ: ಎನ್. ಮುನಿರಾಜ್, ಬಿ.ಎಸ್ಸಿ.' ಎಂದು ಚೀಟಿ ಬರೆದು ಕನ್ನಡಿಗೆ ಅಂಟಿಸಿದ. ಹೆಂಡತಿ ವಾಣಿ ಎರಡು ದಿನ ಅದರ ಸುತ್ತ ಮುಖ ಹುಡುಕಿಕೊಂಡು ಬೊಟ್ಟಿಟ್ಟುಕೊಂಡಳು. ಮೂರನೆಯ ದಿನ ಬೊಟ್ಟು 'ಬಿ.ಎಸ್ಸಿ.' ಮೇಲೆ ಬಿತ್ತು.

ಮೂರು ತಿಂಗಳು ತಪಸ್ಸು ನಡೆಯಿತು. ಎರಡು ಸಲ ತೋರಿಸಿದ, ಎರಡು ಸಲವೂ ವಿಶ್ವನಾಥನ್ ತಲೆಯಾಡಿಸಿದರು. "ಮೈಯೆಲ್ಲ ಚೆನ್ನಾಗಿದೆ, ಪಾದ ಸರಿಯಿಲ್ಲ. ಬಾಡಿಗೆ ಬೂಟು ಹಾಕ್ಕೊಂಡು ನಿಂತ ಹಾಗಿದೆ. ಶನಿವಾರ ನಾನೇ ಮನೆಗೆ ಬರ್ತೀನಿ. ಅವತ್ತೂ ಆಗದಿದ್ರೆ ಕಂಪ್ಯೂಟರಿನಲ್ಲಿ ಇರೋ ಅಕ್ಷರವನ್ನೇ ಹಾಕಿ ಮುಗಿಸಿಬಿಡೋಣ."

ಆ ವಾರವೇ ಅವ್ವ ಸಿದ್ದಲಕ್ಷ್ಮಮ್ಮ ಪೊರೆ ತೆಗೆಸಿದ ಕಣ್ಣಿನ ಕಡೆಯ ತಪಾಸಣೆಗೆಂದು ಊರಿನಿಂದ ಬಂದು ಇಳಿದಿದ್ದಳು. ಹೊಸ ಕಣ್ಣಿಗೆ ಕಂಡದ್ದನ್ನೆಲ್ಲ ನೋಡುವ ಆಸೆ. ಗೋಡೆಯ ತುಂಬ ಮಗ ಅಂಟಿಸಿದ ಹಾಳೆಗಳು. ಅಕ್ಷರದ ಬಳುಕು ತಿರುಗುವ ಕಡೆಯೆಲ್ಲ ಕಂಪ್ಯೂಟರು ಒಂದೊಂದು ಚುಕ್ಕಿ ಇಟ್ಟಿರುತ್ತದೆ. ಆ ಚುಕ್ಕಿಗಳ ಸಮೇತ ಮೊಳದುದ್ದಕ್ಕೆ ಪ್ರಿಂಟ್ ತೆಗೆದು ನೋಡುವುದು ಮುನಿರಾಜನ ಪದ್ಧತಿ. ಅಕ್ಷರವೆಂದರೆ ಬಸ್ಸಿನ ಬೋರ್ಡಿನಲ್ಲಿರುವ ತಮಿಳು ಎಂದಷ್ಟೇ ಅವ್ವನಿಗೆ ಗೊತ್ತು. ತಾನಾಡುವ ಮಾತಿಗೂ ಅಕ್ಷರವಿದೆಯೆಂದು ಅವಳಿಗೆ ಯಾರೂ ತೋರಿಸಿರಲಿಲ್ಲ. ಓದಲು ಬರುವ ಒಬ್ಬನೂ ತೋರಿಸಿರಲಿಲ್ಲ.

ಚುಕ್ಕಿ, ಚುಕ್ಕಿಯ ಸುತ್ತ ಬಳುಕುವ ಗೆರೆ, ಥೇಟ್ ರಂಗೋಲಿ. ಅವ್ವನಿಗೆ ಅರ್ಥವಾಗಿಹೋಯಿತು. ಅಡುಗೆಮನೆಗೆ ಹೋಗಿ ಸೊಸೆಯ ಕಿವಿಯಲ್ಲಿ ಕೇಳಿದಳು.

"ಏನಮ್ಮೀ, ನೀನು ಕೋಲ ಆಕೋದು ಬುಟ್ಟು ನನ್ ಮಗುನ್ ಕೈಲಿ ಆಕಿಸ್ತೀಯಾ?"

ವಾಣಿ ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡಳು. "ಊಂ ಅತ್ತೆ. ಮೂರ್ ತಿಂಗ್ಳಿಂದ ಆಕ್ತಾನೇ ಅವ್ರೆ. ಇನ್ನೂ ಬರ್ನಿಲ್ಲ."

"ಪಾವಂ, ಓದಿರೋ ಮಗ! ನಾನ್ ಯಾತುಕ್ಕಿವ್ನಿ?"

ಶನಿವಾರ ಮುನಿರಾಜ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಹಾಳೆಗಳ ಮೇಲೆ ಕಡೆಯ ಸಲ ಕೈಯಾಡಿಸಿ, "ಯಾರೂ ಇದನ್ನ ಮುಟ್ಬಾರ್ದು" ಎಂದು ಅಪ್ಪಣೆ ಹೊರಡಿಸಿ ಬಸ್ ಸ್ಟ್ಯಾಂಡಿಗೆ ಹೋದ. ಅವನ ಅಪ್ಪಣೆ ಅಕ್ಷರಶಃ ಪಾಲನೆಯಾಯಿತು. ಹಾಳೆಗಳನ್ನು ಯಾರೂ ಮುಟ್ಟಲಿಲ್ಲ.

ಅತಿಥಿಯನ್ನು ಕರೆದುಕೊಂಡು ಬಂದವನು ಬಾಗಿಲ ಮುಂದೆ ನಿಂತುಬಿಟ್ಟ. ಈ ಗೋಡೆಯಿಂದ ಆ ಗೋಡೆಯವರೆಗೆ, ಕಾಲಿಡಲು ಗೇಣು ಜಾಗವೂ ಇಲ್ಲದಂತೆ, ಬಿಳಿ ಪುಡಿಯಲ್ಲಿ ಅ, ಕ, ಣ, ಳ. ಸುತ್ತ ಕೆಮ್ಮಣ್ಣಿನ ಅಂಚು ಬೇರೆ. ಪಕ್ಕದ ಮನೆಯ ಪಳನಿ ಹಲ್ಲುಜ್ಜುತ್ತ "ಕೋಲಂ ಸೂಪರ್!" ಎಂದ.

"ಅವ್ವಾ! ಏನ್ ಮಾಡ್ಬುಟ್ಟೆ?"

"ಇರುಂದಾಳಿ ಬತ್ತಾರೆ, ದೊಡ್ಡ ನೆಂಟ್ರು ಅಂದ್ಯಲ್ಲ. ಅದ್ಕೇ ದೊಡ್ಡದಾಗಿ ಆಕಿವ್ನಿ. ಬನ್ನಿ ಸಾರ್, ಒಳೀಕ್ ಬನ್ನಿ."

ವಿಶ್ವನಾಥನ್ ಚಪ್ಪಲಿ ಬಿಟ್ಟರು, ಪಂಚೆ ಎತ್ತಿ ಹಿಡಿದರು, ಒಂದು ಕಾಲೆತ್ತಿದರು. ಅಲ್ಲೇ ಇಳಿಸಿದರು. "ಅಕ್ಷರ ತುಳಿಯೋದೇ? ಮೂವತ್ತಾರು ವರ್ಷ ಮಕ್ಕಳ ಕೈ ಹಿಡಿದು ತಿದ್ದಿಸಿದವನು ನಾನು. ಆಗಲ್ಲಪ್ಪಾ."

"ಒಂದ್ ನಿಮ್ಷ ಸಾರ್, ಗುಡಿಸ್ಬುಡ್ತೀನಿ!" ಮುನಿರಾಜ ಪಳನಿಯ ಮನೆಯ ಪೊರಕೆಗೆ ಕೈಹಾಕಿದ.

"ಪೊರಕೆ ಬಿಡು!" ಹೆಡ್‌ಮಾಸ್ಟರ ಹಳೆಯ ದನಿ ಬೀದಿಗೆಲ್ಲ ಕೇಳಿಸಿತು. ಪಳನಿಯೂ ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟ.

ಪುಸ್ತಕ ಹೋಯಿತು, ಎರಡನೇ ಪುಟ ಹೋಯಿತು, ಬಿ.ಎಸ್ಸಿ.ಯೂ ಹೋಯಿತು ಎಂದುಕೊಂಡು ಮುನಿರಾಜ ಪೊರಕೆ ಹಿಡಿದೇ ನಿಂತ. ವಿಶ್ವನಾಥನ್ ಅಷ್ಟರಲ್ಲಿ ಕನ್ನಡಕ ಒರೆಸಿಕೊಂಡು ನೆಲಕ್ಕೆ ಕುಕ್ಕರುಗಾಲಲ್ಲಿ ಕೂತಿದ್ದರು. 'ಅ'ದ ಮುಂದೆ ಕೂತರು, ಕೂತಲ್ಲೇ ಸರಿದು 'ಳ'ದವರೆಗೆ ಹೋದರು. ಗೆರೆ ಶುರುವಾಗುವಲ್ಲಿ ಪುಡಿ ದಪ್ಪ. ಬಳುಕಿನಲ್ಲಿ ತೆಳು. ತುದಿಯಲ್ಲಿ, ಬೆರಳು ನಿಂತ ಕಡೆ, ಒಂದು ಪುಟ್ಟ ಗುಡ್ಡೆ.

"ತಾಯೀ, ಇಲ್ಲಿ ಕೊನೇಲಿ ಹೀಗ್ಯಾಕೆ ಮಾಡಿದ್ರಿ? ಹಾಳೆಯಲ್ಲಿ ಹೀಗಿರಲಿಲ್ಲವಲ್ಲ."

ಅವ್ವ ಮಗನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು, ಅವನಿಗೆ ಅವಮಾನವಾಗಬಾರದೆಂದು. "ಮಗ ಒಸಬ ಸಾರ್. ಗೆರೆ ಕೊನೇಲಿ ಕತ್ತರೀಲಿ ಕಡ್ದಂಗೆ ಬುಟ್ಟವ್ನೆ. ಅಂಗ್ ಬುಡಬಾರ್ದು. ನೆಂಟ್ರು ಒಂಟಾಗ ಬಾಗ್ಲಲ್ಲಿ ಒಸಿ ನಿಂತ್ಕಂಡು ಎಲ್ಡ್ ಮಾತಾಡಿ ಓಗಲ್ವಾ? ಗೆರೇನೂ ಅಂಗೇ. ನಿಂತು ಓಗ್ಬೇಕು."

ವಿಶ್ವನಾಥನ್ ಫೋನ್ ತೆಗೆದು ನಾಲ್ಕೂ ಅಕ್ಷರಗಳ ಫೋಟೊ ಹಿಡಿದರು. ಕಾಫಿಯನ್ನು ಬೀದಿಯಲ್ಲೇ ಪಳನಿಯ ಕುರ್ಚಿಯ ಮೇಲೆ ಕೂತು ಕುಡಿದರು. ಗೋಡೆಯ ಹಾಳೆಗಳನ್ನು ನೋಡದೆಯೇ ಎದ್ದರು. "ಇದೇ ಪಾದ. ಇದನ್ನೇ ಎಲ್ಲ ಅಕ್ಷರಕ್ಕೂ ಹಾಕು."

ಅವರು ತಿರುವಿನಲ್ಲಿ ಮರೆಯಾದ ಮೇಲೆ ಮುನಿರಾಜ ಹೆಂಡತಿಯ ಮೇಲೆ ಹರಿಹಾಯ್ದ. "ನೀನಾದ್ರೂ ಏಳ್ಬಾರ್ದಿತ್ತಾ, ಅದು ಅಕ್ಷರ ಅಂತ?"

"ಏಳಾಣ ಅಂತ್ಲೇ ಬಂದೆ. ನೋಡುದ್ರೆ ನಿಮ್ದುಕ್ಕಿಂತ ಚೆಂದಾಗಿತ್ತು. ಸುಮ್ಕಾದೆ."

ಮುಂದಿನ ಎರಡು ತಿಂಗಳು ವಂಶದ ಮೊದಲ ಪದವೀಧರ ಬೆಳಗಾದರೆ ಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಪುಡಿ ಹಿಡಿಯುವುದನ್ನು ಕಲಿತ. ಊರಿಗೆ ಹೋಗದೆ ಉಳಿದುಕೊಂಡ ಅವ್ವ ಅವನ ಮಣಿಕಟ್ಟಿಗೆ ಮೆಲ್ಲಗೆ ಹೊಡೆದು ತಿದ್ದಿದಳು. ಬೀದಿಯ ಹೆಂಗಸರು ಗುಂಪುಕಟ್ಟಿ ನಿಂತು ಮಾರ್ಕು ಕೊಟ್ಟರು (ಹೆಚ್ಚೆಂದರೆ ಮೂವತ್ತೈದು). ಅಕ್ಷರಗಳೆಲ್ಲ ನಿಂತು, ಎರಡು ಮಾತಾಡಿ, ಹೋಗುವುದನ್ನು ಕಲಿತವು.

ಪುಸ್ತಕ ಬಂತು. ಮುನಿರಾಜ ನೇರ ಎರಡನೇ ಪುಟ ತೆರೆದ. 'ಅಕ್ಷರ: ಸಿದ್ದಲಕ್ಷ್ಮಮ್ಮ.' ಕೆಳಗೆ, ಇರುವೆಯಷ್ಟು ಸಣ್ಣದಾಗಿ, 'ಕಂಪ್ಯೂಟರಿಗೆ ಏರಿಸಿದವರು: ಮುನಿರಾಜ್.' ಬಿ.ಎಸ್ಸಿ.ಗೆ ಜಾಗ ಸಾಲದೆಹೋಗಿತ್ತು.

ಅವನಿಗೆ ಕಾಲೇಜಿನ ಅರ್ಜಿ ನೆನಪಾಯಿತು. ಪೋಷಕರ ಸಹಿಯ ಜಾಗದಲ್ಲಿ ಅವ್ವ ಶಾಯಿ ಹಚ್ಚಿ ಹೆಬ್ಬೆಟ್ಟು ಒತ್ತಿದ್ದಳು. ಕಾಗದ ಹೊಲಸಾಯಿತೆಂದು ಅವನು ಅಂದು ನಾಚಿಕೊಂಡಿದ್ದ. ಅದೇ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ಇಳಿದ ಗೆರೆ ಈಗ ಈ ಪುಸ್ತಕದ ನೂರೈವತ್ತು ಪುಟಗಳಲ್ಲೂ ನಿಂತಿತ್ತು.

"ಅವ್ವಾ, ಇದು ನಿನ್ ಎಸ್ರು."

"ನಂದಾ?" ಅವ್ವ ಗೆರೆಗಳ ಮೇಲೆ ಬೆರಳಾಡಿಸಿದಳು. "ಇಷ್ಟುದ್ದ ಇವ್ನಿಯಾ ನಾನು!"

ಮರುದಿನ ಬೆಳಗ್ಗೆ ಮುನಿರಾಜ ಹಾಲಿನ ಪ್ಯಾಕೆಟ್ ತೆಗೆದುಕೊಂಡು ಬಂದವನು ಬಾಗಿಲಲ್ಲಿ ತಡೆದು ನಿಂತ. ಈ ಗೋಡೆಯಿಂದ ಆ ಗೋಡೆಯವರೆಗೆ 'ಸಿದ್ದಲಕ್ಷ್ಮಮ್ಮ'. ಒಂದು ಒತ್ತೂ ತಪ್ಪಿಲ್ಲ. ಅವ್ವ ಹೊಸ್ತಿಲಾಚೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಯಾಕ್ಲಾ ನಿಂತೆ? ದಾಟ್ಕಂಡ್ ಬಾ."

ದಾಟುವುದು ಹೇಗೆ? ಹಾಲು ಎದೆಗೊತ್ತಿಕೊಂಡು ಅವನು ಪಳನಿಯ ಮನೆಯೊಳಗೆ ನುಗ್ಗಿ, ಅವನ ಹಿತ್ತಲಿನ ಮೋಟುಗೋಡೆ ಹತ್ತಿದ. ಯಾಕೆ ಹೀಗೆ ಹಿಂದಿನಿಂದ ಎಂದು ಪಳನಿ ತಮಿಳಿನಲ್ಲಿ ಕೇಳಿದ.

ಗೋಡೆಯ ಮೇಲೆ ಕೂತಿದ್ದ ಮುನಿರಾಜ ತಮಿಳಿನಲ್ಲೇ ಹೇಳಿದ, ಮುಂಬಾಗಿಲಲ್ಲಿ ನಮ್ಮವ್ವ ಇದ್ದಾಳೆ ಎಂದು. ಇಳಿಯುವಾಗ ಪಂಚೆ ಗೋಡೆಯ ಮೊಳೆಗೆ ಸಿಕ್ಕಿ ಪರ್ರೆಂದಿತು. ಹಾಲು ಮಾತ್ರ ಚೆಲ್ಲಲಿಲ್ಲ.