ಸೂಟ್‌ಕೇಸಿನಲ್ಲಿ ಬಂದ ಸಿಲಿಂಡರ್ ಹೆಡ್

ಮನುಷ್ಯನಿಗೆ ಏನಾದರೂ ಒಂದು ಹುಚ್ಚು ಇರಬೇಕು ಎಂದು ನಾನೂ ಒಪ್ಪುತ್ತೇನೆ. ಆದರೆ ಅದು ಹೆಂಡತಿಗೆ ಬಿಡಿಸಿ ಹೇಳಲು ಬರುವಂಥ ಹುಚ್ಚಾಗಿದ್ದರೆ ಸಂಸಾರಕ್ಕೆ ಕ್ಷೇಮ. ಅಂಚೆಚೀಟಿ ಕೂಡಿಸುವವನು ಆಲ್ಬಂ ತೆರೆದು ತೋರಿಸಬಹುದು, ಗುಲಾಬಿ ಬೆಳೆಸುವವನು ಒಂದು ಹೂ ಕಿತ್ತು ಕೊಟ್ಟು ಪಾರಾಗಬಹುದು. ನನ್ನ ಹುಚ್ಚು ಸಿಲಿಂಡರ್ ಹೆಡ್ಡಿನದು. ಎಲ್ಲ ಸಿಲಿಂಡರ್ ಹೆಡ್ಡುಗಳದೂ ಅಲ್ಲ. ಜಪಾನಿನ ಒಂದು ಹಳೆಯ ಕಾರಿನ ಎಂಜಿನ್ನಿಗೆ, ಆ ಕಾಲದಲ್ಲಿ ರೇಸಿಗೆಂದೇ ಬೆರಳೆಣಿಕೆಯಷ್ಟು ಎರಕ ಹೊಯ್ದು ಮಾಡಿದ ಒಂದೇ ಒಂದು ಜಾತಿಯ ಹೆಡ್ಡಿನದು. ಇದನ್ನು ಮೊದಲ ಸಲ ಹೇಳಿದಾಗ ನನ್ನ ಹೆಂಡತಿ ಮಂಗಳಾ ಹಾಲಿಗೆ ಹೆಪ್ಪು ಹಾಕಿದ್ದೀರಾ ಎಂದು ಕೇಳಿದಳು.

ತಿಳಿಯದವರಿಗೆ ಎರಡು ಮಾತು. ಸಿಲಿಂಡರ್ ಹೆಡ್ ಎಂದರೆ ಎಂಜಿನ್ನಿನ ಮೇಲಿನ ಮುಚ್ಚಳ. ಗಾಳಿ, ಪೆಟ್ರೋಲು ಒಳಗೆ ಬರುವುದೂ ಹೊಗೆ ಹೊರಗೆ ಹೋಗುವುದೂ ಅದರ ಮೂಲಕವೇ. ನಮ್ಮ ಮನೆಯಲ್ಲೂ ಇರುವ ಆ ಜಪಾನಿ ಕಾರಿನ ಮಾಮೂಲಿ ಹೆಡ್ಡಿನಲ್ಲಿ ಬರುವವರಿಗೂ ಹೋಗುವವರಿಗೂ ಒಂದೇ ಪಕ್ಕದಲ್ಲಿ ದಾರಿ; ಒಂದೇ ಬಾಗಿಲಿನ ಮದುವೆ ಛತ್ರದಲ್ಲಿ ಊಟಕ್ಕೆ ನುಗ್ಗುವವರೂ ಕೈತೊಳೆಯಲು ಬರುವವರೂ ಎದುರುಬದುರಾದ ಹಾಗೆ. ರೇಸಿನ ಹೆಡ್ಡಿನಲ್ಲಿ ಬಲಗಡೆಯಿಂದ ಬಂದು ಎಡಗಡೆಯಿಂದ ಹೋಗುವ ವ್ಯವಸ್ಥೆ. ಇಷ್ಟಕ್ಕೆ ಎಂಜಿನ್ನಿನ ಗುಣವೇ ಬದಲಾಗುತ್ತದೆ, ದನಿಯೇ ಬದಲಾಗುತ್ತದೆ. ತಮಿಳುನಾಡಿನ ಗಡಿಯೊಳಗಿನ ತಾಳವಾಡಿಯ ಶಾಲೆಯಲ್ಲಿ ಕನ್ನಡ ಪಾಠ ಮಾಡುವ ನನಗೆ ಆ ದನಿ ಯಾಕೆ ಬೇಕಾಗಿತ್ತು ಎಂದು ಕೇಳಿದರೆ ಕಾರಿನ ಕಥೆ ಹೇಳಬೇಕು. ಆಸನೂರಿನ ಕಡೆ ಎಸ್ಟೇಟ್ ಇಟ್ಟುಕೊಂಡಿದ್ದ ಒಬ್ಬರು ಆ ಕಾರನ್ನು ವಿದೇಶದಿಂದ ತರಿಸಿದ್ದರು. ಅವರು ಊರು ಬಿಡುವಾಗ ಅದು ಎಸ್ಟೇಟಿನ ಲೆಕ್ಕ ಬರೆಯುವ ರೈಟರಾಗಿದ್ದ ನನ್ನಪ್ಪನ ಪಾಲಿಗೆ ಬಂತು, ಅಪ್ಪನಿಂದ ನನಗೆ ಬಂತು. ನನ್ನಿಂದ ಅದು ಮಂಗಳಾಳ ಕೈಗೆ ಹೋಗಿ ಬಹಳ ಕಾಲವಾಗಿದೆ. ಅವಳು ಅಂಗನವಾಡಿಗಳ ಸೂಪರ್‌ವೈಸರ್. ಬೆಟ್ಟದ ಹಾಡಿಗಳನ್ನೆಲ್ಲ ಸುತ್ತುವುದು ಅದರಲ್ಲೇ. ನಾನು ಆ ಕಾರಿನ ಬಗ್ಗೆ ಓದುತ್ತೇನೆ.

ಓದುತ್ತ ಓದುತ್ತ ಹಳೆ ಎಂಜಿನ್ ಹುಚ್ಚರ ಒಂದು ಮೊಬೈಲ್ ಗುಂಪಿಗೆ ಸೇರಿಕೊಂಡೆ. ಅಲ್ಲಿ ಸಿಕ್ಕವರು ಮೊರಿತಾ. ಜಪಾನಿನ ಯಾವುದೋ ಸಣ್ಣ ಪಟ್ಟಣದಲ್ಲಿ ಗ್ಯಾರೇಜ್ ನಡೆಸಿ ನಿವೃತ್ತರಾದ ಮುದುಕರು. ನಾನು ಜೀವಮಾನವಿಡೀ ಚಿತ್ರದಲ್ಲಿ ಮಾತ್ರ ಕಂಡಿದ್ದ ಹೆಡ್ಡು ಅವರ ಮನೆಯ ಗೋಡೆಯ ಮೇಲೆ ಗಡಿಯಾರದ ಪಕ್ಕದಲ್ಲಿ ಕೂತಿತ್ತು. ಕೊಡುತ್ತೀರಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನನ್ನ ಕಾರು ದಿಂಬಂ ಘಾಟಿಯ ತಿರುವುಗಳನ್ನು ಏದುಸಿರು ಬಿಡುತ್ತ ಹತ್ತುವ ಒಂದು ವಿಡಿಯೋ ಕಳಿಸಿದೆ, ಅಷ್ಟೇ. ಕೆಲವು ದಿನಗಳ ಮೇಲೆ ಮೊರಿತಾ, ಈ ಹೆಡ್ಡು ಹುಟ್ಟಿದ್ದು ಬೆಟ್ಟ ಹತ್ತಲು, ನಾನು ಅದನ್ನು ಗೋಡೆ ಹತ್ತಿಸಿದ್ದೇನೆ, ತಪ್ಪಾಯಿತು ಎಂದು ಬರೆದರು. ಅದರ ಕೆಳಗೆ ಇನ್ನೊಂದು ಸಾಲಿತ್ತು: ತರುತ್ತಿದ್ದೇನೆ. ಕಳಿಸುತ್ತಿದ್ದೇನೆ ಎಂಬುದು ಫೋನಿನ ಅನುವಾದದಲ್ಲಿ ತಪ್ಪಿ ತರುತ್ತಿದ್ದೇನೆ ಎಂದಾಗಿದೆ ಎಂದುಕೊಂಡೆ. ತಪ್ಪಾಗಿರಲಿಲ್ಲ.

ಅರೆವಾರ್ಷಿಕ ರಜೆಯ ಒಂದು ಮಧ್ಯಾಹ್ನ ಚಾಮರಾಜನಗರದ ಬಸ್ಸಿನಿಂದ ಮೊರಿತಾ ಇಳಿದರು. ಸೂಟ್‌ಕೇಸನ್ನು ಮೇಲಿಡಲು ಕಂಡಕ್ಟರಿಗೆ ಕೊಡದೆ, ದಾರಿಯುದ್ದಕ್ಕೂ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದಿದ್ದರಂತೆ. ಇಳಿದಾಗ ಕಾಲು ಜೋಮು ಹಿಡಿದು, ಬಸ್‌ಸ್ಟ್ಯಾಂಡಿನಲ್ಲಿ ನನ್ನ ಭುಜ ಹಿಡಿದುಕೊಂಡೇ ಬಾಗಿ ನಮಸ್ಕರಿಸಿದರು. ನಾನೂ ಬಾಗಿದೆ. ಇಬ್ಬರ ತಲೆಯೂ ಡಿಕ್ಕಿ ಹೊಡೆಯಿತು. ಮನೆಗೆ ಬಂದು ಸೂಟ್‌ಕೇಸ್ ತೆರೆದರೆ ಎರಡು ಅಂಗಿ, ಒಂದು ಟೂತ್‌ಬ್ರಷ್, ಉಳಿದ ಜಾಗವೆಲ್ಲ ಹಳೆಯ ಟವೆಲ್ಲುಗಳಲ್ಲಿ ಸುತ್ತಿದ ಹೆಡ್ಡು. ಒಂದೊಂದೇ ಟವೆಲ್ ಬಿಚ್ಚುವಾಗ ನನ್ನ ಎದೆ ಹೊಡೆದುಕೊಂಡ ಹಾಗೆ ನನ್ನ ಮದುವೆಯಲ್ಲೂ ಹೊಡೆದುಕೊಂಡಿರಲಿಲ್ಲ. ಇದನ್ನು ಮಂಗಳಾ ಪಕ್ಕದಲ್ಲೇ ಇದ್ದಾಗ ಬಾಯಿಬಿಟ್ಟು ಹೇಳಬಾರದಿತ್ತು.

ನನ್ನ ಅವ್ವನಿಗೆ ಮೊರಿತಾ ಎಂಬ ಹೆಸರು ನಾಲಿಗೆಗೆ ಹತ್ತಲಿಲ್ಲ. ಮೊದಲ ಊಟಕ್ಕೇ ಅವರನ್ನು ಮೂರ್ತಪ್ಪ ಮಾಡಿಬಿಟ್ಟಳು. ಮೂರ್ತಪ್ಪ ರಾಗಿಮುದ್ದೆಯನ್ನು ಬಾಯಲ್ಲಿಟ್ಟು ಬಹಳ ಗೌರವದಿಂದ ಜಗಿಯುತ್ತ ಕೂತಿದ್ದನ್ನು ನೋಡಲಾರದೆ ಅವ್ವ ಹತ್ತಿರ ಹೋಗಿ ಹೇಳಿದಳು:

"ಅಗೀಬ್ಯಾಡ ಕಣಪ್ಪ ಮೂರ್ತಪ್ಪ, ನುಂಗ್ಬುಡು."

ಅವರು ಜಪಾನಿ ಭಾಷೆಯಲ್ಲಿ ಏನೋ ಹೇಳಿ ನುಂಗಿದರು. ಅಂದಿನಿಂದ ಅವ್ವ ತನ್ನ ಮಂಡಿನೋವು, ಸೌತೆ ಬಳ್ಳಿಗೆ ಬಿದ್ದ ಹುಳ, ಮಗನ ಬುದ್ಧಿ ಎಲ್ಲವನ್ನೂ ಅವರಿಗೆ ಹೇಳುವಳು, ಅವರು ಅವರ ಭಾಷೆಯಲ್ಲಿ ಉತ್ತರ ಕೊಡುವರು. ಇಬ್ಬರಿಗೂ ಏನೂ ತೊಂದರೆಯಾಗಲಿಲ್ಲ. ತೊಂದರೆಯಾಗಿದ್ದು ಅವರ ಫೋನಿನಿಂದ. ಅದಕ್ಕೆ ಜಪಾನಿಯಲ್ಲಿ ಹೇಳಿದರೆ ಅದು ಕನ್ನಡದಲ್ಲಿ ಮಾತಾಡುತ್ತಿತ್ತು, ಆದರೆ ಹೆಡ್ಡನ್ನೆಲ್ಲ ತಲೆ ಎನ್ನುತ್ತಿತ್ತು. ಹಳೆಯ ಹೆಡ್ಡನ್ನು ಬಿಚ್ಚೋಣ ಎಂದು ಮೊರಿತಾ ಹೇಳಿದ್ದನ್ನು ಅದು, ನಿಮ್ಮ ತಲೆ ತೆಗೆಯಬೇಕು, ಒಳಗೆ ಬಹಳ ಮಸಿ ಇದೆ ಎಂದು ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿತು. ಅಡುಗೆಮನೆಯಿಂದ ಮಂಗಳಾ, ಫೋನು ನಿಮ್ಮನ್ನ ನಿನ್ನೆ ಮೊನ್ನೆ ನೋಡಿದ ಹಾಗಿಲ್ಲ ಎಂದಳು.

ಬಿಚ್ಚಲು ಬಂದವನು ಮಾದೇಶ. ಊರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ನನ್ನ ಗೆಳೆಯ. ಹುಚ್ಚಿನಲ್ಲಿ ನನಗಿಂತ ಒಂದು ಕೈ ಮೇಲು. ಮಂಗಳಾ ನಮ್ಮ ಮೂವರನ್ನೂ ಅಂಗಳದಲ್ಲಿ ನಿಲ್ಲಿಸಿ ಸೋಮವಾರದ ಗಡುವು ಕೊಟ್ಟಳು. "ಸ್ವಾಮಾರ ನಾನು ಡ್ಯೂಟಿಗೆ ಓಗ್ಬೇಕು. ಯಾವ್ ತಲೆನಾರ ಇಡಿ, ಕಾರು ಓಡ್ಬೇಕು." ಫೋನು ಅದನ್ನು ಜಪಾನಿಗೆ ತಿರುಗಿಸಿದಾಗ ಮೊರಿತಾ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು.

ಹಳೆಯ ಹೆಡ್ಡು ಸುಲಭವಾಗಿ ಬಂತು. ಹೊಸದು ತನ್ನ ಜಾಗದಲ್ಲಿ ಎಷ್ಟು ಚೆನ್ನಾಗಿ ಕೂತಿತೆಂದರೆ ಮಾದೇಶ ಅದಕ್ಕೆ ವಿಭೂತಿ ಬಳಿದು ಕೈಮುಗಿದ. ಆಮೇಲೆ ಗೊತ್ತಾಯಿತು, ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರ್ ಈಗ ಬಲಗಡೆಗೆ ಬಂದು ಬ್ರೇಕಿನ ಸಿಲಿಂಡರಿಗೆ ಒತ್ತಿಕೊಂಡು ಕೂರುತ್ತದೆ ಎಂದು. ಎಂಜಿನ್ ಓಡಬೇಕಾದರೆ ಬ್ರೇಕ್ ಬಿಡಬೇಕು, ಬ್ರೇಕ್ ಬೇಕಾದರೆ ಎಂಜಿನ್ ಬಿಡಬೇಕು. ದಿಂಬಂ ಘಾಟಿಯ ಮಟ್ಟಿಗೆ ಎರಡೂ ಬೇಕು. ಮೂರು ಜನ ಮೂರು ಭಾಷೆಯಲ್ಲಿ ವಾದ ಮಾಡಿದೆವು. ಮಾದೇಶ ಸಿಟ್ಟು ಬಂದಾಗ ತಮಿಳಿಗೆ ಹೋಗುತ್ತಾನೆ, ಮೊರಿತಾ ಸಿಟ್ಟು ಬಂದಾಗ ಇನ್ನಷ್ಟು ಬಾಗುತ್ತಾರೆ. ಕೊನೆಗೆ ಕಾರ್ಬುರೇಟರನ್ನು ಮುಂದಕ್ಕೆ ತರಲು ಒಂದು ಕಬ್ಬಿಣದ ಪೈಪನ್ನು ಕಾಯಿಸಿ ಬಗ್ಗಿಸಿ ನೋಡಿದೆವು. ಮೊದಲನೆಯದು ಸೊಟ್ಟಗಾಯಿತು, ಎರಡನೆಯದು ಬಿರುಕು ಬಿಟ್ಟಿತು. ಭಾನುವಾರ ಬೆಳಗಾಗುವ ಹೊತ್ತಿಗೆ ಮಂಗಳಾ ಯಾರನ್ನೂ ಕಾಫಿ ಬೇಕೇ ಎಂದು ಕೇಳದೆ ಒಳಗೆ ಹೋಗತೊಡಗಿದ್ದಳು. ಅಷ್ಟು ದೂರದಿಂದ ಬಂದ ಮುದುಕರು ಮೆಟ್ಟಿಲ ಮೇಲೆ ಮಸಿಗೈಯಲ್ಲೇ ತಲೆ ಹಿಡಿದುಕೊಂಡು ಕೂತಿದ್ದರು. ಇವರ ಗೋಡೆಯನ್ನೂ ಬೋಳು ಮಾಡಿ, ಹೆಂಡತಿಯ ಕಾರನ್ನೂ ಕೆಡಿಸಿದೆನಲ್ಲ ಎನಿಸಿತು. ಮೂರನೆಯ ಪೈಪು ಕೂತಿತು.

ಮಾದೇಶ ಕೀ ತಿರುಗಿಸಿದ. ಕೆಮ್ಮಿತು, ಸೀನಿತು, ನಿಂತಿತು. ಮೊರಿತಾ ಒಂದು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರು. ಮತ್ತೆ ಕೀ ತಿರುಗಿಸಿದಾಗ ಎದ್ದ ಶಬ್ದವನ್ನು ಹೇಗೆ ಬರೆಯಲಿ? ಪಕ್ಕದ ಹಿತ್ತಿಲಿನ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಅವ್ವ ಎರಡೂ ಕಿವಿ ಮುಚ್ಚಿಕೊಂಡು ಶಿವನನ್ನು ಕರೆದಳು. ನಾನು, ಮಾದೇಶ, ಮೊರಿತಾ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಂಗಳದಲ್ಲಿ ಕುಣಿದೆವು. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಬೇಲಿಯಾಚೆ ಸೈಕಲ್ ನಿಲ್ಲಿಸಿ ಇದನ್ನು ನೋಡಿ, ಬಂದ ದಾರಿಯಲ್ಲೇ ಸೈಕಲ್ ತಿರುಗಿಸಿಕೊಂಡು ಹೊರಟುಹೋದರು.

ಆಗಲೇ ಮಂಗಳಾಳನ್ನೂ ಕೂರಿಸಿಕೊಂಡು ದಿಂಬಕ್ಕೆ ಹೊರಟೆವು. ಎಂಜಿನ್ನನ್ನು ಹೊರಗಿನಿಂದ, ಮೇಲಿನಿಂದ ಕೇಳಬೇಕು, ಒಳಗೆ ಕೂತವನಿಗೆ ಅದು ಕೇಳಿಸುವುದಿಲ್ಲ ಎಂದು ಮೊರಿತಾ ಘಾಟಿಯ ತುದಿಯಲ್ಲಿ ಇಳಿದುಬಿಟ್ಟರು. ಅವರೊಬ್ಬರನ್ನೇ ಬಿಡುವಂತಿಲ್ಲ, ನಾನೂ ಇಳಿದೆ. ಮಾದೇಶ ಮೀಟರುಗಳಲ್ಲಿ ಎಣ್ಣೆಯ ಮುಳ್ಳನ್ನೂ ಬಿಸಿಯ ಮುಳ್ಳನ್ನೂ ಕಣ್ಣು ಮಿಟುಕಿಸದೆ ನೋಡುತ್ತಿರಬೇಕು. ಸ್ಟಿಯರಿಂಗ್ ಹಿಡಿಯುವವರು ಯಾರು ಎಂದು ನಾನು ಯೋಚಿಸುವಷ್ಟರಲ್ಲಿ ಮಂಗಳಾ ಸೆರಗು ಸಿಕ್ಕಿಸಿಕೊಂಡು ಸೀಟಿನಲ್ಲಿ ಕೂತಾಗಿತ್ತು.

"ನಾನು ಓಡಿಸ್ತೀನಿ. ನಾಳೆ ಓಡಿಸ್ಬೇಕಾದೋಳು ನಾನ್ ತಾನೆ?"

ಕಾರು ಕೆಳಗಿಳಿದು ಮರೆಯಾಯಿತು. ನಾನೂ ಮೊರಿತಾರೂ ಟೀ ಅಂಗಡಿಯ ಮುಂದೆ ಮಂಜಿನಲ್ಲಿ ನಿಂತೆವು. ಟೀ ಆರಿತು. ಬಹಳ ಹೊತ್ತಿನ ಮೇಲೆ ಕೆಳಗೆಲ್ಲೋ ಒಂದು ಸಣ್ಣ ಝೇಂಕಾರ ಹುಟ್ಟಿತು. ಮೊರಿತಾ ಕಣ್ಣು ಮುಚ್ಚಿ ಕೈಯೆತ್ತಿದರು. ದನಿ ಏರಿತು, ತಿರುವಿನಲ್ಲಿ ಇಳಿಯಿತು, ಮತ್ತೆ ಏರಿತು. ಇದ್ದಕ್ಕಿದ್ದಂತೆ ನಿಂತುಹೋಯಿತು. ಕಬ್ಬಿನ ಲಾರಿಯ ಹಿಂದೆ ಸಿಕ್ಕಿರಬೇಕು. ರೇಸಿನ ಹೆಡ್ಡು ಮೆಲ್ಲಗೆ ನಡೆಯಲಾರದು, ಉಸಿರುಗಟ್ಟಿ ನಿಂತುಬಿಡುತ್ತದೆ. ಬ್ರೇಕು, ಪೈಪು, ಘಾಟಿಯ ಕಾಡಿನ ಆನೆ, ಎಲ್ಲವೂ ಒಟ್ಟಿಗೆ ನೆನಪಾದವು. ಹೆಡ್ಡು ಮಾತ್ರ ನೆನಪಾಗಲಿಲ್ಲ. ಮೊರಿತಾ ನನ್ನ ತೋಳು ಹಿಡಿದುಕೊಂಡರು.

ಆಮೇಲೆ ಅದು ಬಂತು. ಕೆಮ್ಮುತ್ತ ಶುರುವಾಗಿ, ಗಂಟಲು ಸರಿಮಾಡಿಕೊಂಡು, ಇಡೀ ಕಣಿವೆ ತುಂಬುವ ಹಾಗೆ ಹಾಡುತ್ತ ಒಂದೊಂದೇ ತಿರುವು ಹತ್ತಿ ಬಂತು. ಟೀ ಅಂಗಡಿಯವರು ಬೋಂಡದ ಬಾಣಲೆ ಬಿಟ್ಟು ಹೊರಗೆ ಬಂದರು. ಲಾರಿ ಡ್ರೈವರುಗಳು ಎದ್ದು ನಿಂತರು. ಮಂಜನ್ನು ಸೀಳಿಕೊಂಡು ಬಂದ ನಮ್ಮ ಮುದಿ ಕಾರು ನಮ್ಮ ಮುಂದೆ ಬಂದು ನಿಂತಿತು. ಮಾದೇಶ ಇಳಿದು ರಸ್ತೆಯ ಪಕ್ಕ ಕುಕ್ಕರಿಸಿದ. ಮಂಗಳಾಳ ಮುಖ ಕೆಂಪಗೆ ಹೊಳೆಯುತ್ತಿತ್ತು, ಕೈ ಇನ್ನೂ ಸ್ಟಿಯರಿಂಗ್ ಬಿಟ್ಟಿರಲಿಲ್ಲ. ಮೊರಿತಾ ಕಣ್ಣೊರೆಸಿಕೊಂಡು ಅವಳ ಮುಂದೆ ಸೊಂಟ ಮಡಿಸಿ ಬಾಗಿದರು. ಅವಳು ನನ್ನ ಕಡೆ ತಿರುಗಿದಳು.

"ಇಷ್ಟ್ ದಿನ ಇದ ಯಾಕ್ರೀ ತರಿಸ್ಲಿಲ್ಲ?"

ಮೊರಿತಾ ಊರಿಗೆ ಹೋದರು. ಕಾರು ಮಂಗಳಾಳ ಡ್ಯೂಟಿಗೆ ಹೋಗುತ್ತಿದೆ. ಒಂದೇ ತೊಂದರೆ, ಮೂರು ಹೊಲ ಆಚೆಯಿಂದಲೇ ಶಬ್ದ ಕೇಳಿಸುವುದರಿಂದ ಈಗ ಅವಳು ಯಾವ ಅಂಗನವಾಡಿಗೂ ಹೇಳದೆ ಕೇಳದೆ ತಪಾಸಣೆಗೆ ಹೋಗುವಂತಿಲ್ಲ. ಹೋಗುವಷ್ಟರಲ್ಲಿ ಮಕ್ಕಳೆಲ್ಲ ಮೂಗೊರೆಸಿಕೊಂಡು ಸಾಲಾಗಿ ಕೂತಿರುತ್ತವಂತೆ. ಅಂದು ದಿಂಬದಲ್ಲಿ ಯಾರೋ ತೆಗೆದ ವಿಡಿಯೋ ನೋಡಿಕೊಂಡು ಹೋದ ವಾರ ಕೊಯಮತ್ತೂರಿನಿಂದ ಇಬ್ಬರು ಕಾರುಪ್ರೇಮಿಗಳು ಮನೆ ಹುಡುಕಿಕೊಂಡು ಬಂದರು. ಬಾಗಿಲು ತೆಗೆದ ನನ್ನನ್ನು, ಮೇಡಂ ಇದ್ದಾರೆಯೇ ಎಂದು ತಮಿಳಿನಲ್ಲಿ ಕೇಳಿದರು. ಮೇಡಂ ಬಾನೆಟ್ ಎತ್ತಿ, ಗಾಳಿ ಎಲ್ಲಿಂದ ಬರುತ್ತದೆ, ಹೊಗೆ ಎಲ್ಲಿಗೆ ಹೋಗುತ್ತದೆ, ಛತ್ರಕ್ಕೆ ಎರಡು ಬಾಗಿಲು ಯಾಕೆ ಬೇಕು ಎಂದೆಲ್ಲ ಸೊಗಸಾಗಿ ವಿವರಿಸಿದಳು. ನಾನು ಟೀ ತಂದು ಕೊಟ್ಟೆ. ಹೊರಡುವಾಗ ಅವರಲ್ಲೊಬ್ಬ ಸೌಜನ್ಯಕ್ಕೆ ನನ್ನತ್ತ ತಿರುಗಿ, ನೀವು ಮೇಡಂ ಡ್ರೈವರಾ ಎಂದ. ಅಲ್ಲ, ಮೇಡಂ ಅವರೇ ಡ್ರೈವರ್, ನಾನು ಕಾರಿನ ಓನರ್ ಎಂದೆ. ಆತ ಮಂಗಳಾಳ ಮುಖ ನೋಡಿದ. ಅವಳು ಬಾನೆಟ್ ಮುಚ್ಚಿ, ಕಾರಿನ ಕೀಯನ್ನು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.